ಮುಂಡಗೋಡಕ್ಕೆ ಬಂದ ಆರು ತಂತಿ



ಇವತ್ತು ನಾನು ಬಲಗೈ ಬಗ್ಗೆ ಮಾತಾಡಬೇಕೆಂದು ಬಂದಿದ್ದೇನೆ. ತಂತಿವಾದ್ಯ ಕಲಿಯಲು ಕೂತವರೆಲ್ಲ ಕಣ್ಣಿಡುವುದು ಎಡಗೈ ಮೇಲೆ. ಯಾವ ಬೆರಳು ಎಲ್ಲಿ, ಯಾವ ಸ್ವರ ಯಾವ ಮನೆಯಲ್ಲಿ, ಇದೇ ಯೋಚನೆ. ಬಲಗೈ ತನ್ನಷ್ಟಕ್ಕೆ ನಡೆದುಕೊಳ್ಳುತ್ತದೆ ಎಂಬ ನಂಬಿಕೆ. ಈಗ ನಮ್ಮ ದಾಂಡೇಲಿ, ಹಳಿಯಾಳದ ಹುಡುಗ ಹುಡುಗಿಯರು ಯುಕುಲೆಲೆ ತರಿಸಿಕೊಳ್ಳುತ್ತಿದ್ದಾರೆ. ನಾಲ್ಕೇ ತಂತಿ, ಕಂಕುಳಲ್ಲಿ ಹಿಡಿಯುವಷ್ಟು ಪುಟ್ಟ ಮೈ. ಅವರಲ್ಲಿ ಎಷ್ಟೋ ಮಂದಿ ನನ್ನ ಹತ್ತಿರ ಕೇಳುವುದು ಒಂದೇ: "ಕಾರ್ಡ್‌ಗಳೆಲ್ಲ ಬಂದವು, ಆದರೂ ಹಾಡು ಹಾಡಿನ ಹಾಗೆ ಕೇಳುವುದಿಲ್ಲ, ಯಾಕೆ?" ನಾನು ಹೇಳುವುದೂ ಒಂದೇ. ನಿಮ್ಮ ಬಲಗೈ ಇನ್ನೂ ಪಾಠಕ್ಕೆ ಕೂತಿಲ್ಲ. ಅದನ್ನು ಪಾಠಕ್ಕೆ ಕೂರಿಸಬೇಕಾದರೆ ದೂರ ಹೋಗಬೇಕಿಲ್ಲ, ಮುಂಡಗೋಡಕ್ಕೆ ಹೋಗಿ.

ಹುಬ್ಬಳ್ಳಿಯಿಂದ ತಡಸ ದಾಟಿ ಶಿರಸಿ ಕಡೆ ಹೊರಟರೆ ಮುಂಡಗೋಡ ಸಿಗುತ್ತದೆ. ಅಲ್ಲಿನ ಟಿಬೆಟನ್ ವಸಾಹತು ನಿಮಗೆಲ್ಲ ಗೊತ್ತಿರುವುದೇ. ಕ್ಯಾಂಪ್ ನಂಬರ್ ಒಂದು, ಎರಡು ಎಂದು ನಾವು ಬಾಯಿತುಂಬ ಕರೆಯುವ ಊರುಗಳು ಅವು. 1959ರಲ್ಲಿ ದಲೈ ಲಾಮಾ ಭಾರತಕ್ಕೆ ಬಂದ ಮೇಲೆ ಸಾವಿರಾರು ಜನ ಅವರ ಹಿಂದೆಯೇ ಹಿಮಾಲಯ ದಾಟಿದರು. ಮೈಸೂರು ರಾಜ್ಯ ಅವರಿಗೆ ಮೊದಲು ಬೈಲಕುಪ್ಪೆಯಲ್ಲಿ ಜಾಗ ಕೊಟ್ಟಿತು. ನಿಜಲಿಂಗಪ್ಪನವರು ಮುಖ್ಯಮಂತ್ರಿಯಾಗಿದ್ದಾಗ, 1966ರಲ್ಲಿ, ಮುಂಡಗೋಡದ ವಸಾಹತು ಶುರುವಾಯಿತು. ಕಾಡು ಕಡಿದು ಹೊಲ ಮಾಡಿ, ಗೋವಿನಜೋಳ ಬೆಳೆದು ಬದುಕು ಕಟ್ಟಿದರು. ಡ್ರೆಪುಂಗ್ ಮತ್ತು ಗಾಂಡೆನ್ ಎಂಬ ದೊಡ್ಡ ಮಠಗಳೂ ಕೆಲವೇ ವರ್ಷಗಳಲ್ಲಿ ಇಲ್ಲಿ ಮತ್ತೆ ಎದ್ದು ನಿಂತವು.

ನಾವು ಹೋಗುತ್ತೇವೆ, ಮಠ ನೋಡುತ್ತೇವೆ, ಮೋಮೋ ತಿನ್ನುತ್ತೇವೆ, ಫೋಟೋ ತೆಗೆಸಿಕೊಂಡು ಬರುತ್ತೇವೆ. ಮಠದಲ್ಲಿ ಉದ್ದುದ್ದ ಕಹಳೆ ಇದೆ, ತಾಳ ಇದೆ, ನಗಾರಿ ಇದೆ. ಆದರೆ ನಾನು ಹೇಳಹೊರಟ ವಾದ್ಯ ಅಲ್ಲಿ ಕೇಳಿಸುವುದಿಲ್ಲ. ಹಾಡು, ಕುಣಿತ, ವಾದ್ಯಗಳಿಂದ ದೂರವಿರುತ್ತೇನೆ ಎಂದು ಬೌದ್ಧ ಭಿಕ್ಷು ವ್ರತ ತೊಟ್ಟಿರುತ್ತಾನೆ. ಮಠದೊಳಗಿನ ವಾದ್ಯಗಳೆಲ್ಲ ಪೂಜೆಗೆ ಮೀಸಲು. ಮನರಂಜನೆಯ ಸಂಗೀತ ಇರುವುದು ಸಂಸಾರಸ್ಥರ ಕೈಯಲ್ಲಿ, ಕ್ಯಾಂಪಿನ ಮನೆಗಳಲ್ಲಿ. ಅಲ್ಲಿ ಗೋಡೆಗೆ ತೂಗುಹಾಕಿದ ಆ ವಾದ್ಯದ ಹೆಸರು ಡ್ರಾನ್ಯೆನ್.

ಅದನ್ನು ಹತ್ತಿರದಿಂದ ನೋಡಿ. ಉದ್ದ ಕತ್ತು, ಪುಟ್ಟ ಹೊಟ್ಟೆ, ಸಾಂಪ್ರದಾಯಿಕವಾಗಿ ಇಡೀ ವಾದ್ಯವನ್ನು ಒಂದೇ ಮರದ ತುಂಡಿನಿಂದ ಕೊರೆಯುತ್ತಾರೆ. ಹೊಟ್ಟೆಯ ಮೇಲೆ ಚರ್ಮ ಹೊದಿಸಿರುತ್ತದೆ. ಕತ್ತಿನ ಮೇಲೆ ಮೆಟ್ಟಿಲುಗಳಿಲ್ಲ. ಸ್ವರ ಎಲ್ಲಿದೆಯೆಂದು ಬೆರಳೇ ನೆನಪಿಟ್ಟುಕೊಳ್ಳಬೇಕು. ತಂತಿ ಆರು, ಎರಡೆರಡರಂತೆ ಮೂರು ಜೋಡಿ. ಒಂದು ಜೋಡಿಗೂ ಇನ್ನೊಂದಕ್ಕೂ ನಡುವೆ ಷಡ್ಜದಿಂದ ಮಧ್ಯಮದಷ್ಟು ಅಂತರ. ನಾನು ನೋಡಿದ ಹಳೆಯ ವಾದ್ಯವೊಂದರಲ್ಲಿ ಮೀಟುವ ಪಿಕ್ಕನ್ನು ದಾರದಿಂದ ವಾದ್ಯಕ್ಕೇ ಕಟ್ಟಿದ್ದರು. ಕುಣಿಯುವಾಗ ಕೈತಪ್ಪಿದರೂ ನೆಲಕ್ಕೆ ಬೀಳಬಾರದಲ್ಲ!

ಹೌದು, ಕುಣಿಯುತ್ತಾ ಬಾರಿಸುತ್ತಾರೆ. ವಾದ್ಯದ ಪಟ್ಟಿ ಹೆಗಲಿಗೆ ಹಾಕಿಕೊಂಡು, ಸಾಲಾಗಿ ನಿಂತು, ಬಾಯಲ್ಲಿ ಹಾಡು, ಕೈಯಲ್ಲಿ ತಂತಿ, ಕಾಲಲ್ಲಿ ತಾಳ. ಈ ಹಾಡುಗಳಿಗೆ ತೋಶೇ ಎನ್ನುತ್ತಾರೆ. ಪಶ್ಚಿಮ ಟಿಬೆಟ್ಟಿನಲ್ಲಿ ಹುಟ್ಟಿದವು. ಮೊದಲು ನಿಧಾನ, ಆಮೇಲೆ ಚುರುಕು ನಡೆ. ಆ ತಿರುವಿನಲ್ಲಿ ಬೂಟುಗಳು ನೆಲಕ್ಕೆ ಟಕಟಕ ಬೀಳುತ್ತವೆ, ಬಲಗೈ ಎರಡು ಪಟ್ಟು ಬೀಸುತ್ತದೆ. ಆ ಕೈಯನ್ನೇ ಗಮನಿಸಿ. ಮೊಣಕೈ ಅಲುಗುವುದೇ ಇಲ್ಲ. ಇಡೀ ಕೆಲಸ ಮಣಿಕಟ್ಟಿನದು. ಮೇಲೆ, ಕೆಳಗೆ, ಮೇಲೆ, ಕೆಳಗೆ. ತಂತಿಗೆ ತಾಗಬೇಕಿಲ್ಲದ ಮಾತ್ರೆಯಲ್ಲೂ ಕೈ ಗಾಳಿಯಲ್ಲಿ ಹೋಗಿ ಬರುತ್ತದೆ, ನಿಲ್ಲುವುದಿಲ್ಲ.

ಯಾಕೆ ನಿಲ್ಲಬಾರದು? ಚರ್ಮ ಹೊದಿಸಿದ ವಾದ್ಯದ ದನಿ ಬೇಗ ಆರಿಹೋಗುತ್ತದೆ. ತಂಬೂರಿಯ ತಂತಿ ಒಮ್ಮೆ ಮೀಟಿದರೆ ನೀವು ಉಸಿರು ಎಳೆದು ಬಿಡುವವರೆಗೂ ಗುಂಯ್‌ಗುಡುತ್ತದೆ. ಡ್ರಾನ್ಯೆನ್‌ಗೆ ಆ ಭಾಗ್ಯವಿಲ್ಲ. ಟಣ್ ಎಂದಿತೋ ಮುಗಿಯಿತು. ಹಾಗಾಗಿ ಹಾಡನ್ನು ಜೀವಂತ ಇಡುವ ಹೊಣೆ ಪೂರ್ತಿ ಬಲಗೈಯದು. ಯುಕುಲೆಲೆಯೂ ಇದೇ ಜಾತಿಗೆ ಸೇರಿದ್ದು. ಹೊಟ್ಟೆ ಚಿಕ್ಕದು, ತಂತಿ ನೈಲಾನಿನದು, ದನಿ ಕ್ಷಣಿಕ. ಈ ಒಂದು ಸಂಗತಿ ಅರ್ಥವಾದರೆ ಅರ್ಧ ವಿದ್ಯೆ ಬಂದ ಹಾಗೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಈ ವಾದ್ಯಕ್ಕೆ ಎಷ್ಟು ವಯಸ್ಸು? ವರ್ಷ ಎಣಿಸಿ ಹೇಳಲಾರೆ. ಟಿಬೆಟ್ಟಿನ ದೇವಾಲಯಗಳ ಬಾಗಿಲಲ್ಲಿ ನಾಲ್ವರು ದಿಕ್ಪಾಲರ ಚಿತ್ರ ಇರುತ್ತದೆ. ಪೂರ್ವ ದಿಕ್ಕಿನವನು ಧೃತರಾಷ್ಟ್ರ, ಅವನ ಕೈಯಲ್ಲಿ ತಂತಿವಾದ್ಯ. ನಮ್ಮ ಸರಸ್ವತಿಯನ್ನು ಅವರು ಯಾಂಗ್‌ಚೆನ್‌ಮಾ ಎಂದು ಪೂಜಿಸುತ್ತಾರೆ. ಅವಳ ವೀಣೆ ಅಲ್ಲಿಗೆ ಹೋಗುವಷ್ಟರಲ್ಲಿ ಡ್ರಾನ್ಯೆನ್ ರೂಪ ತಾಳಿದೆ. ಹದಿಮೂರನೆಯ ಶತಮಾನದಲ್ಲಿ ಸಾಕ್ಯ ಪಂಡಿತ ಎಂಬ ಮಹಾ ವಿದ್ವಾಂಸ ಸಂಗೀತದ ಮೇಲೇ ಒಂದು ಶಾಸ್ತ್ರಗ್ರಂಥ ಬರೆದ. ದಂಡಿಯ ಕಾವ್ಯಶಾಸ್ತ್ರ ಗ್ರಂಥ ಕಾವ್ಯಾದರ್ಶ ಟಿಬೆಟನ್ ಭಾಷೆಗೆ ಹೋದದ್ದೂ ಆ ಶತಮಾನದಲ್ಲೇ. ನಮ್ಮ ಕವಿರಾಜಮಾರ್ಗ ನಿಂತಿರುವುದು ಅದೇ ಕಾವ್ಯಾದರ್ಶದ ಮೇಲೆ! ಒಂದೇ ಗುರುವಿನ ಇಬ್ಬರು ಶಿಷ್ಯರು ನಾವೂ ಅವರೂ, ಈಗ ಒಂದೇ ತಾಲ್ಲೂಕಿನಲ್ಲಿ ಅಕ್ಕಪಕ್ಕದ ಹೊಲ ಉಳುತ್ತಿದ್ದೇವೆ. ಇದನ್ನು ನೆನೆದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ. ಆಮೇಲಿನ ನಾಲ್ಕೈದು ಶತಮಾನಗಳನ್ನು ಬಿಟ್ಟು ಮುಂದೆ ಹೋಗುತ್ತೇನೆ, ಯಾಕೆಂದರೆ ಮುಂದೆ ಒಬ್ಬ ಮನುಷ್ಯ ಕಾದಿದ್ದಾನೆ.

ಅವನ ಹೆಸರು ದೋರಿಂಗ್ ತೆನ್‌ಜಿನ್ ಪಾಲ್‌ಜೋರ್. ಲಾಸಾದ ದೊಡ್ಡ ಮನೆತನದವನು, ಸರಕಾರದಲ್ಲಿ ಮಂತ್ರಿ. 1788ರಲ್ಲಿ ನೇಪಾಳದ ಗೂರ್ಖರು ಟಿಬೆಟ್ಟಿನ ಮೇಲೆ ದಂಡೆತ್ತಿ ಬಂದರು. ಸಂಧಿಯಾಯಿತು, ಮುರಿಯಿತು. 1791ರಲ್ಲಿ ಮತ್ತೆ ಮಾತುಕತೆಗೆಂದು ಈತ ಗಡಿಯ ನ್ಯಾಲಮ್ ಊರಿಗೆ ಹೋದ. ಅಲ್ಲಿ ಗೂರ್ಖರು ಇವನನ್ನು ಸೆರೆಹಿಡಿದು ಕಾಠ್ಮಂಡುವಿಗೆ ಒಯ್ದರು. ಮರುವರ್ಷ ಚೀನಾದ ಸೈನ್ಯ ಬಂದು ಗೂರ್ಖರನ್ನು ಹಿಮ್ಮೆಟ್ಟಿಸಿದಾಗ ಬಿಡುಗಡೆ ಸಿಕ್ಕಿತು. ಸಿಕ್ಕಿದ್ದು ಅರ್ಧ ಬಿಡುಗಡೆ ಮಾತ್ರ. ಯುದ್ಧಕ್ಕೆ ಕಾರಣ ಯಾರು ಎಂಬ ವಿಚಾರಣೆಗೆ ಬೀಜಿಂಗಿಗೆ ಹೋಗಬೇಕಾಯಿತು. ತಪ್ಪು ಹೊರಿಸಿಕೊಂಡ ಮಂತ್ರಿ, ಮನೆಯಿಂದ ಸಾವಿರಾರು ಮೈಲಿ ದೂರ, ಚಕ್ರವರ್ತಿಯ ರಾಜಧಾನಿಯಲ್ಲಿ. ಬೇರೆ ಯಾರಾದರೂ ಆಗಿದ್ದರೆ ಜೀವ ಉಳಿದರೆ ಸಾಕು ಎಂದು ಮುದುಡಿ ಕೂರುತ್ತಿದ್ದರು. ಈ ಪುಣ್ಯಾತ್ಮ ಊರಿಗೆ ಮರಳುವಾಗ ಕೋಲಿನಿಂದ ಬಾರಿಸುವ, ನಮ್ಮ ಸಂತೂರಿನಂಥ ಒಂದು ಚೀನೀ ವಾದ್ಯ ತಂದ ಎಂದು ಲಾಸಾದ ವಾದಕರ ಪರಂಪರೆ ಹೇಳುತ್ತದೆ. ಟಿಬೆಟನ್ನರು ಅದಕ್ಕೆ ಗ್ಯುಮಾಂಗ್ ಎಂದು ಹೆಸರಿಟ್ಟರು. ಡ್ರಾನ್ಯೆನ್, ಪಿಟೀಲಿನಂಥ ಪಿವಾಂಗ್, ಕೊಳಲು, ಗ್ಯುಮಾಂಗ್ ಇವೆಲ್ಲ ಸೇರಿ ನಾಂಗ್ಮಾ ಎಂಬ ಲಾಸಾದ ನಾಗರಿಕ ಸಂಗೀತ ಬೆಳೆಯಿತು. ಪಶ್ಚಿಮದ ತೋಶೇ ಹಾಡುಗಳನ್ನು ರಾಜಧಾನಿಗೆ ಕರೆತಂದವನೂ ಇವನೇ ಎಂದು ಆ ವಾದಕರು ನಂಬುತ್ತಾರೆ. ನನಗೂ ನಂಬಲು ಇಷ್ಟ. ತನ್ನ ಮನೆತನದ ಕಥೆಯನ್ನೂ ತನ್ನ ಜೀವನವನ್ನೂ ಅವನೇ ಬರೆದಿಟ್ಟು ಹೋಗಿದ್ದಾನೆ.

ಆಮೇಲೆ ಲಾಸಾದಲ್ಲಿ ನಾಂಗ್ಮಾ, ತೋಶೇ ಬಾರಿಸುವವರ ಕೂಟವೇ ಹುಟ್ಟಿಕೊಂಡಿತು. 1959 ಬಂತು. ಊರು ಬಿಟ್ಟು ಓಡಿಬಂದವರು ಅದೇ ವರ್ಷ ಕಾಲಿಂಪಾಂಗಿನಲ್ಲಿ ಮೊದಲು ಕಟ್ಟಿದ ಸಂಸ್ಥೆಗಳಲ್ಲಿ ಒಂದು ನಾಟಕ, ಸಂಗೀತ, ನೃತ್ಯಗಳ ತಂಡ. ಹೊಟ್ಟೆಗೆ ಇಲ್ಲ, ಸೂರಿಲ್ಲ, ಆದರೂ ಹಾಡು ಉಳಿಯಬೇಕು ಎಂದರು! ಅದು ಮುಂದೆ ಧರ್ಮಶಾಲೆಗೆ ಹೋಗಿ ಟಿಪಾ ಎಂಬ ಹೆಸರಿನಿಂದ ಪ್ರಸಿದ್ಧವಾಯಿತು. ಅಲ್ಲಿ ತಯಾರಾದ ಶಿಕ್ಷಕರು ವಸಾಹತುಗಳ ಶಾಲೆಗಳಿಗೆ ಬಂದು ಮಕ್ಕಳಿಗೆ ಕಲಿಸಿದರು.

ಒಣಹವೆಯ ಬೆಟ್ಟದ ಮೇಲೆ ಹುಟ್ಟಿದ ವಾದ್ಯ ನಮ್ಮ ಮಳೆಗಾಲಕ್ಕೆ ಸಿಕ್ಕಿತು. ಆಷಾಢದ ಜಡಿಮಳೆಯಲ್ಲಿ ಚರ್ಮ ತೇವ ಕುಡಿದು ಸಡಿಲವಾಗುತ್ತದೆ, ದನಿ ಮಂಕಾಗುತ್ತದೆ. ಕ್ಯಾಂಪಿನ ಅಜ್ಜರೊಬ್ಬರು ವಾದ್ಯವನ್ನು ಒಲೆಯ ಬಿಸಿಗೆ ಸ್ವಲ್ಪ ದೂರದಲ್ಲಿ ಹಿಡಿದು, ಬೆರಳಿನಿಂದ ತಟ್ಟಿ ತಟ್ಟಿ ಕೇಳುವುದನ್ನು ನೋಡಿದ್ದೇನೆ. ಹಲಗೆ ಬಾರಿಸುವವರೂ ಹೀಗೇ ಕಾಯಿಸುತ್ತಾರೆ ಎಂದೆ. ಅವರಿಗೆ ಬಹಳ ಸಂತೋಷವಾಯಿತು. ಮೊಮ್ಮಗನಿಗೆ ಕಲಿಸುವಾಗ ಅವರು ಮೊದಲು ಕೈಗೆ ವಾದ್ಯ ಕೊಡಲಿಲ್ಲ. ಕಾಲು ಕಲಿಸಿದರು. ಹೆಜ್ಜೆ ಸರಿಬಿದ್ದ ಮೇಲೆ, ತಂತಿಗಳನ್ನು ಎಡಗೈಯಿಂದ ಮೆಲ್ಲಗೆ ಮುಟ್ಟಿ ಮೂಕಾಗಿಸಿ, ಬಲಗೈ ಬೀಸು ಎಂದರು. ಸ್ವರವಿಲ್ಲ, ಬರೀ ಚಕ್ ಚಕ್ ಸದ್ದು. ಸ್ವರ ಬಂದದ್ದು ಎಷ್ಟೋ ದಿನದ ಮೇಲೆ.

ಯುಕುಲೆಲೆ ಹಿಡಿದ ಮಕ್ಕಳೇ, ಇದು ನಿಮಗೇ ಹೇಳಿದ ಮಾತು. ನಿಮ್ಮ ವಾದ್ಯವೂ ಊರು ಬಿಟ್ಟವರದೇ. 1879ರ ಆಗಸ್ಟ್ 23ರಂದು ರಾವೆನ್ಸ್‌ಕ್ರ್ಯಾಗ್ ಎಂಬ ಹಡಗು ಪೋರ್ಚುಗಲ್ಲಿನ ಮಡೇರಾ ದ್ವೀಪದಿಂದ ಕಬ್ಬಿನ ಗದ್ದೆಯ ಕೂಲಿಗಳನ್ನು ಹೊತ್ತು ಹವಾಯಿಯ ಹೊನೊಲುಲುಗೆ ಬಂತು. ಅದರಲ್ಲಿದ್ದ ಮೂವರು ಮರಗೆಲಸದವರು, ನುನೆಸ್, ದಿಯಾಸ್, ಎಸ್ಪಿರಿತೊ ಸಾಂತೊ, ತಮ್ಮೂರಿನ ಮಶೆಟ್ ಎಂಬ ಪುಟ್ಟ ವಾದ್ಯದ ಮಾದರಿಯಲ್ಲಿ ಅಲ್ಲಿನ ಮರದಿಂದ ಮಾಡಿದ್ದೇ ಯುಕುಲೆಲೆ. ರಾಜ ಕಲಾಕೌವಾ ಅದನ್ನು ಅರಮನೆಗೆ ಕರೆದ. 1915ರ ಸ್ಯಾನ್ ಫ್ರಾನ್ಸಿಸ್ಕೊ ಪ್ರದರ್ಶನದ ನಂತರ ಅಮೆರಿಕವೆಲ್ಲ ಅದರ ಹುಚ್ಚು ಹಿಡಿಸಿಕೊಂಡಿತು. ಅದೇ ಪೋರ್ಚುಗೀಸರು ನಮ್ಮ ಜೋಯಿಡಾದ ನೆರೆಯಲ್ಲೇ ಇದ್ದರಲ್ಲ! 1961ರವರೆಗೂ ಕ್ಯಾಸಲ್‌ರಾಕ್ ದಾಟಿದರೆ ಅವರ ಗೋವಾ.

ಯುಕುಲೆಲೆಯ ನಾಲ್ಕನೆಯ ತಂತಿ ಮೂರನೆಯದಕ್ಕಿಂತ ಎತ್ತರದ ಸ್ವರದ್ದು. ಹಾಗಾಗಿ ಕೈ ಕೆಳಗಿಳಿದರೂ ಮೇಲೇರಿದರೂ ದನಿ ಹೆಚ್ಚುಕಡಿಮೆ ಒಂದೇ ತೂಕ. ಇಳಿಯುವಾಗ ತೋರುಬೆರಳಿನ ಉಗುರು, ಏರುವಾಗ ಅದರ ಮೆತ್ತನೆ ಭಾಗ. ಬಾರಿಸಬೇಕಾದ್ದು ದನಿರಂಧ್ರದ ಮೇಲಲ್ಲ, ಕತ್ತು ಹೊಟ್ಟೆಗೆ ಸೇರುವ ಜಾಗದಲ್ಲಿ. ಅಲ್ಲಿ ದನಿ ದುಂಡಗೆ ಬರುತ್ತದೆ. ಅಜ್ಜ ಮಾಡಿಸಿದಂತೆ ತಂತಿ ಮೂಕಾಗಿಸಿ, ನಾಲ್ಕು ಮಾತ್ರೆ ಬಾಯಲ್ಲಿ ಎಣಿಸುತ್ತಾ ಕೈ ಬೀಸಿ. ಮೊದಲ ವಾರ ಕಾರ್ಡ್ ಮುಟ್ಟಲೇಬೇಡಿ. ವೇಗ ಬೇಕೆನಿಸಿದಾಗ ಇನ್ನೂ ನಿಧಾನ ಮಾಡಿ. ಧಾರವಾಡದ ಸಿತಾರರತ್ನ ರಹಿಮತ್ ಖಾನರ ಪರಂಪರೆಯಲ್ಲೂ ಬಲಗೈಗೆ ಇದೇ ಮರ್ಯಾದೆ. ಸಿತಾರದಲ್ಲಿ ಬೆರಳು ಒಳಗೆ ಬಂದರೆ ದಾ, ಹೊರಗೆ ಹೋದರೆ ರಾ. ಮಗು ಅಕ್ಷರ ತಿದ್ದುವ ಹಾಗೆ ದಾ ರಾ ತಿದ್ದಿದ ಮೇಲೆ ರಾಗ.

ಒಂದು ಸಂಕಟ ಹೇಳಿಕೊಳ್ಳಲೇಬೇಕು. ಕ್ಯಾಂಪಿನ ಹರೆಯದವರು ಓದಿಗೆ, ಕೆಲಸಕ್ಕೆ ಬೆಂಗಳೂರು, ದಿಲ್ಲಿ, ಅಮೆರಿಕ, ಯುರೋಪು ಸೇರುತ್ತಿದ್ದಾರೆ. ಟಿಬೆಟ್ಟಿನಲ್ಲೇ ಹುಟ್ಟಿ, ಅಲ್ಲಿಯ ಕೈಯನ್ನು ಕಣ್ಣಾರೆ ಕಂಡು ಕಲಿತವರು ಈಗ ಬಹಳ ವಯಸ್ಸಾದವರು. ಹಾಡಿನ ಪದಗಳು ಪುಸ್ತಕದಲ್ಲಿ ಉಳಿಯುತ್ತವೆ, ರಾಗ ಧ್ವನಿಮುದ್ರಣದಲ್ಲಿ ಉಳಿಯುತ್ತದೆ. ಮಣಿಕಟ್ಟಿನ ಆ ಸಡಿಲ ಮಾತ್ರ ಎದುರು ಕೂತು ನೋಡಿದವರಿಗಷ್ಟೇ ಬರುವುದು. ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಇದು ನಮ್ಮ ಜಿಲ್ಲೆಯಲ್ಲೇ ಇತ್ತು, ನಾವು ಕಿವಿ ಕೊಟ್ಟಿದ್ದು ಕಡಿಮೆ. ಸಿದ್ದಿಗಳ ಡಮಾಮಿ ಕುಣಿತವನ್ನು ವೇದಿಕೆಗೆ ಕರೆಯುವಷ್ಟಾದರೂ ನಾವು ಕಲಿತೆವು. ಡ್ರಾನ್ಯೆನ್‌ಗೆ ಅಷ್ಟೂ ಸಿಕ್ಕಿಲ್ಲ.

ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡದ ಶಾಲಾ ಕಾಲೇಜಿನ ಶಿಕ್ಷಕರಲ್ಲಿ ನನ್ನದೊಂದು ವಿನಂತಿ. ನಿಮ್ಮ ಮುಂದಿನ ವಾರ್ಷಿಕೋತ್ಸವಕ್ಕೆ ಕ್ಯಾಂಪಿನಿಂದ ಒಂದು ತೋಶೇ ತಂಡವನ್ನು ಕರೆಸಿ, ಮಕ್ಕಳನ್ನು ಮೊದಲ ಸಾಲಿನಲ್ಲಿ ಕೂರಿಸಿ. ಕೇಳುಗರೇ, ನೀವು ಟಿಬೆಟನ್ ಹೊಸವರ್ಷದ ಲೊಸಾರ್ ಹಬ್ಬಕ್ಕೋ, ಜುಲೈ 6ರ ದಲೈ ಲಾಮಾ ಹುಟ್ಟುಹಬ್ಬಕ್ಕೋ ಮುಂಡಗೋಡಕ್ಕೆ ಹೋಗಿ. ಅಲ್ಲಿ ತಂಗಲು ವಿದೇಶಿಯರಿಗೆ ಪರವಾನಗಿ ಬೇಕು, ನಮಗೆ ಬೇಡ. ಮಠ ನೋಡಿದ ಮೇಲೆ ಕ್ಯಾಂಪಿನ ಮನೆಗಳ ಕಡೆಗೂ ಕಾಲು ಹಾಕಿ, ಡ್ರಾನ್ಯೆನ್ ಬಾರಿಸುವವರು ಯಾರಿದ್ದಾರೆ ಎಂದು ವಿಚಾರಿಸಿ.