ಬಾಯಿಗೂ ರೋಗ ಅಂಟುತ್ತದೆ
(ಜವನಗೊಂಡನಹಳ್ಳಿಯಲ್ಲಿ ಲಾರಿ ಕೆಲಸಗಾರರ ಸಭೆಯಲ್ಲಿ ಮಾಡಿದ ಭಾಷಣ)



ಬಾಡಿಗೆ ದರ, ಡೀಸೆಲ್ ಬೆಲೆ, ಮಾಲೀಕರು ಉಳಿಸಿಕೊಂಡಿರುವ ಬಾಕಿ, ಇವುಗಳ ವಿಷಯ ಮಾತನಾಡುತ್ತೇನೆಂದು ನೀವು ಬಂದಿದ್ದೀರಿ. ಅದನ್ನು ಮುಂದಿನ ಸಭೆಗೆ ಇಟ್ಟುಕೊಳ್ಳೋಣ. ಇಂದಿನ ವಿಷಯ ನಾಚಿಕೆಯದೆಂದು ಕೆಲವರಿಗೆ ತೋರಬಹುದು. ಏಳು ವರ್ಷ ಮೇಷ್ಟರಾಗಿದ್ದವನು ನಾನು. ಶರೀರದ ಪಾಠ ಬಂದಾಗಲೆಲ್ಲ "ಇದನ್ನು ಮನೆಯಲ್ಲಿ ಓದಿಕೊಳ್ಳಿ" ಎಂದು ಪುಟ ಮಗುಚಿದವನೂ ನಾನೇ. ಆ ಸಾಲವನ್ನು ಈ ಹೊತ್ತು ತೀರಿಸುತ್ತಿದ್ದೇನೆ.

ಹಿರಿಯೂರಿಗೂ ಶಿರಾಕ್ಕೂ ನಡುವೆ ಈ ಹೆದ್ದಾರಿಯ ಒಂದು ಢಾಬಾದಲ್ಲಿ ನನ್ನ ವಯಸ್ಸಿನ ಡ್ರೈವರ್ ಒಬ್ಬ ಕೇಳಿದ: "ಮೇಷ್ಟ್ರೇ, ನಾನು ಹುಷಾರಾಗಿದ್ದೀನಿ. ಹೊರಗೆ ಹೋದರೂ ಬಾಯಿಂದ ಮಾತ್ರ. ಅದರಿಂದ ಏನೂ ಬರಲ್ಲ ಅಲ್ವಾ?" ಪಕ್ಕದಲ್ಲಿ ಕೂತಿದ್ದ ಮೂವರೂ ಹೌದೆಂದು ತಲೆ ಹಾಕಿದರು. ಬಸಿರಾಗುವುದಿಲ್ಲ, ಆದ್ದರಿಂದ ರೋಗವೂ ಇಲ್ಲ ಎಂಬುದು ಅವರ ಲೆಕ್ಕ. ಆ ಲೆಕ್ಕ ತಪ್ಪು. ಅದನ್ನು ಹೇಳುವುದಕ್ಕೇ ಈ ಸಭೆ ಕರೆದದ್ದು.

ಅವನ ಮಾತಿನಲ್ಲಿ ಕಾಲುಭಾಗ ನಿಜವುಂಟು, ಮೊದಲು ಅದನ್ನು ಒಪ್ಪಿಕೊಳ್ಳೋಣ. ಏಡ್ಸ್ ತರುವ ಎಚ್‌ಐವಿ ಬಾಯಿಯ ಸಂಭೋಗದಿಂದ ಅಂಟುವ ಸಂಭವ ಬಹಳ ಕಡಿಮೆ. ಜೊಲ್ಲಿನಿಂದ ಅದು ಅಂಟುವುದಿಲ್ಲ. ಬಾಯಲ್ಲಿ ಹುಣ್ಣಿದ್ದರೆ, ವಸಡಿನಲ್ಲಿ ರಕ್ತ ಬರುತ್ತಿದ್ದರೆ, ವೀರ್ಯ ಬಾಯಿಗೆ ಬಿದ್ದರೆ ಸಂಭವ ಹೆಚ್ಚುತ್ತದೆ. ನಿದ್ದೆ ಬರಬಾರದೆಂದು ರಾತ್ರಿಯೆಲ್ಲ ಗುಟ್ಕಾ ಅಗಿಯುವ ನಮ್ಮವರಲ್ಲಿ ಹುಣ್ಣಿಲ್ಲದ ಬಾಯಿ ಎಷ್ಟಿವೆ, ನೀವೇ ನೋಡಿಕೊಳ್ಳಿ.

ಉಳಿದ ಮುಕ್ಕಾಲು ಭಾಗ ಮಾತ್ರ ಪೂರ್ತಿ ಸುಳ್ಳು. ಪರಂಗಿ ಹುಣ್ಣು, ಅಂದರೆ ಸಿಫಿಲಿಸ್, ತುಟಿಗೂ ನಾಲಗೆಗೂ ಬರುತ್ತದೆ. ಮೊದಲ ಹುಣ್ಣು ನೋಯುವುದಿಲ್ಲ. ಮೂರರಿಂದ ಆರು ವಾರಗಳಲ್ಲಿ ತಾನಾಗಿ ಮಾಯುತ್ತದೆ. ಮನುಷ್ಯ ವಾಸಿಯಾಯಿತೆಂದು ನಂಬುತ್ತಾನೆ. ರೋಗ ರಕ್ತದಲ್ಲೇ ಇರುತ್ತದೆ. ಅಂಗೈ ಅಂಗಾಲಿನಲ್ಲಿ ಗುಲ್ಲೆ ತೋರಿಸಿ ಮತ್ತೆ ಅಡಗುತ್ತದೆ, ವರ್ಷಗಳ ಮೇಲೆ ಹೃದಯಕ್ಕೋ ಮಿದುಳಿಗೋ ಕೈ ಹಾಕುತ್ತದೆ. ಅಷ್ಟರೊಳಗೆ ಅದು ಮನೆಯ ಹೆಂಗಸಿಗೆ ಮುಟ್ಟಿರಬಹುದು, ಅವಳ ಹೊಟ್ಟೆಯ ಕೂಸು ಸತ್ತೇ ಹುಟ್ಟಬಹುದು. ದಾರಿಯಲ್ಲಿ ಗಂಡಸು ಕೊಂಡ ರೋಗಕ್ಕೆ ಊರಲ್ಲಿ ಕೂತವಳು ಬೆಲೆ ತೆರುತ್ತಾಳೆ.

ಮೇಹರೋಗದ ಕಥೆ ಇನ್ನೂ ಕಪಟ. ಕೆಳಗೆ ಬಂದರೆ ಉರಿಮೂತ್ರ, ಕೀವು. ಗಂಡಸು ವೈದ್ಯರ ಹತ್ತಿರ ಓಡುತ್ತಾನೆ. ಗಂಟಲಿನಲ್ಲಿ ಕೂತರೆ ಸಾಮಾನ್ಯವಾಗಿ ಏನೂ ಕಾಣಿಸುವುದಿಲ್ಲ. ಕಂಡರೂ ಬರೀ ಗಂಟಲು ನೋವು. ಅಲ್ಲಿಂದ ಅದು ಇನ್ನೊಬ್ಬರಿಗೆ ದಾಟುತ್ತದೆ. ಔಷಧಿಗೆ ಹೆಚ್ಚು ಹಠ ಮಾಡುವುದೂ ಗಂಟಲಿನದೇ. ಹರ್ಪಿಸ್ ಎಂಬ ನೀರುಗುಳ್ಳೆ ತುಟಿಯಿಂದ ಕೆಳಕ್ಕೂ ಕೆಳಗಿನಿಂದ ತುಟಿಗೂ ಹೋಗುತ್ತದೆ. ನರಹುಲಿಯ ವೈರಾಣುಗಳಲ್ಲಿ ಕೆಲವು ಜಾತಿ ಬಹುಕಾಲ ಉಳಿದು ಗಂಟಲ ಕ್ಯಾನ್ಸರಿಗೆ ಕಾರಣವಾಗುತ್ತವೆ. ಅದಕ್ಕೆ ಲಸಿಕೆ ಇದೆ, ಸಣ್ಣ ವಯಸ್ಸಿನಲ್ಲೇ ಹಾಕಿಸಿದರೆ ಹೆಚ್ಚು ಫಲ.

ಇದೆಲ್ಲ ಪರದೇಶದಿಂದ ಬಂದ ಕೆಟ್ಟ ಚಾಳಿ ಎನ್ನುವ ದೊಡ್ಡವರಿದ್ದಾರೆ. ವಾತ್ಸ್ಯಾಯನ ಇದಕ್ಕೆ ಒಂದು ಅಧ್ಯಾಯವನ್ನೇ ಮೀಸಲಿಟ್ಟಿದ್ದಾನೆ. ಇದನ್ನು ಅಪರಾಧವೆಂದು ಮಾಡಿದ್ದು ಬ್ರಿಟಿಷರು 1860ರಲ್ಲಿ ಬರೆದ ದಂಡಸಂಹಿತೆಯ 377ನೆಯ ಕಲಮು. ಒಪ್ಪಿದ ವಯಸ್ಕರ ಮೇಲೆ ಅದು ಸಲ್ಲದೆಂದು ಸುಪ್ರೀಂ ಕೋರ್ಟು ಹೇಳುವ ಹೊತ್ತಿಗೆ 2018ರ ಸೆಪ್ಟೆಂಬರ್ ಬಂತು. ಅಪರಾಧವೆಂದರೆ ರೋಗಿ ವೈದ್ಯರ ಎದುರು ಬಾಯಿ ಬಿಡುವನೇ?

ಇನ್ನೊಂದು ಅಭ್ಯಾಸವನ್ನೂ ಆ ದೊರೆಗಳು ಬಿಟ್ಟುಹೋದರು. 1868ರ ಸಾಂಕ್ರಾಮಿಕ ರೋಗಗಳ ಕಾಯಿದೆಯಲ್ಲಿ ವೇಶ್ಯೆಯರನ್ನು ಪಟ್ಟಿ ಮಾಡಿ, ಬಲವಂತವಾಗಿ ಪರೀಕ್ಷಿಸಿ, ರೋಗವಿದ್ದವರನ್ನು ಆಸ್ಪತ್ರೆಯಲ್ಲಿ ಕೂಡಿಹಾಕುತ್ತಿದ್ದರು. ಅವರಲ್ಲಿಗೆ ಹೋದ ಸಿಪಾಯಿಗೆ ಆ ಕಾಯಿದೆಯ ಪರೀಕ್ಷೆ ಇರಲಿಲ್ಲ. 1888ರಲ್ಲಿ ಕಾಯಿದೆ ಹೋಯಿತು. "ಅವಳಿಂದ ಬಂತು" ಎಂಬ ಮಾತು ಇಂದಿಗೂ ಢಾಬಾಗಳಲ್ಲಿ ಕೇಳುತ್ತದೆ. ಅವಳಿಗೆ ಬಂದದ್ದು ಎಲ್ಲಿಂದ? ಮೈಸೂರಿನಲ್ಲಿ 2004ರಲ್ಲಿ ಶುರುವಾದ ಕೆಲಸದಿಂದ ಬೆಳೆದ ಆಶೋದಯ ಸಮಿತಿಯನ್ನು ಆ ವೃತ್ತಿಯ ಹೆಂಗಸರೇ ಮುಂದೆ ನಿಂತು ನಡೆಸಿದರು. ತಮ್ಮ ಜೊತೆಯವರನ್ನು ತಾವೇ ಪರೀಕ್ಷೆಗೆ ಕರೆತಂದರು. ಲಾರಿಯವರು ಅಷ್ಟು ಮಾಡಿದ್ದೇವೆಯೇ?

ಈಗ ಏನು ಮಾಡಬೇಕೆಂಬುದನ್ನು ಕೇಳಿ. ಬಾಯಿಯ ಸಂಭೋಗಕ್ಕೂ ನಿರೋಧ್ ಬೇಕು, ಮೊದಲಿನಿಂದ ಕೊನೆಯವರೆಗೆ. ಬಾಯಿಂದ ಬೇರೆ ಕಡೆಗೆ ಹೋಗುವಾಗ ಹೊಸದು. ಹೆಂಗಸಿನ ಅಂಗಕ್ಕಾದರೆ ಹೊಸ ನಿರೋಧನ್ನು ಉದ್ದಕ್ಕೆ ಕತ್ತರಿಸಿ ಬಿಡಿಸಿ, ಹಾಳೆಯಂತೆ ನಡುವೆ ಹಿಡಿಯಬಹುದು. ಎಣ್ಣೆ ಸವರಬೇಡಿ, ರಬ್ಬರು ಹರಿಯುತ್ತದೆ. ಲಾರಿಯ ಡ್ಯಾಷ್‌ಬೋರ್ಡಿನ ಬಿಸಿಲಿನಲ್ಲಿ ಇಟ್ಟದ್ದನ್ನು ನಂಬಬೇಡಿ. ಅದಕ್ಕೆ ಮುಂಚೆ ಹಲ್ಲುಜ್ಜಿದರೆ ವಸಡು ಕೆರೆದು ದಾರಿ ಮಾಡಿಕೊಟ್ಟಂತೆ. ನೀರು ಮುಕ್ಕಳಿಸಿ ಸಾಕು. ಬ್ರಾಂದಿಯಲ್ಲಿ ಬಾಯಿ ತೊಳೆದರೆ ರೋಗ ಸಾಯುತ್ತದೆಂಬುದು ಬ್ರಾಂದಿ ಮಾರುವವರಿಗೆ ಮಾತ್ರ ಲಾಭದ ಮಾತು. ಯಾರ ಬಾಯಲ್ಲಾಗಲಿ ಕೆಳಗಾಗಲಿ ಹುಣ್ಣು, ಗುಳ್ಳೆ, ಕೀವು ಇದ್ದರೆ ಆ ಹೊತ್ತು ಬಿಟ್ಟುಬಿಡಿ. ಗಂಡಸರ ನಡುವೆ ನಡೆದರೂ ಇದೇ ನಿಯಮ.

ಸರ್ಕಾರಿ ಆಸ್ಪತ್ರೆಯಲ್ಲಿ ಈ ರೋಗಗಳ ಔಷಧಿಯನ್ನು ಬಣ್ಣ ಬಣ್ಣದ ಪೊಟ್ಟಣಗಳಲ್ಲಿ ಪುಕ್ಕಟೆ ಕೊಡುತ್ತಾರೆ. ಯಾವ ಬಣ್ಣ ಕೊಡಬೇಕೆಂಬುದು ನೀವು ಹೇಳುವ ಲಕ್ಷಣದ ಮೇಲೆ ನಿಂತಿದೆ. ಗಂಟಲಿನ ಮೇಹಕ್ಕೆ ಲಕ್ಷಣವೇ ಇಲ್ಲದ್ದರಿಂದ "ಬಾಯಿಯ ಸಂಪರ್ಕವೂ ಆಗಿತ್ತು" ಎಂಬ ಒಂದು ವಾಕ್ಯವನ್ನು ನೀವೇ ಹೇಳಬೇಕು. ಹೇಳದಿದ್ದರೆ ವೈದ್ಯರು ಗಂಟಲು ನೋಡುವುದಿಲ್ಲ. ಔಷಧಿ ಅಂಗಡಿಯಲ್ಲಿ ಎರಡು ಮಾತ್ರೆ ಕೊಂಡು ನುಂಗಿ ಮರೆಯುವ ಪದ್ಧತಿಯಿಂದ ರೋಗ ಪಳಗುತ್ತದೆ. ಹಿಂದೆ ಪೆನಿಸಿಲಿನ್ನಿಗೆ ಸಾಯುತ್ತಿದ್ದ ಮೇಹ ಈಗ ಅದಕ್ಕೆ ಜಗ್ಗುವುದಿಲ್ಲ. ಪರಂಗಿ ಹುಣ್ಣು ಮಾತ್ರ ಇಂದಿಗೂ ಪೆನಿಸಿಲಿನ್ ಸೂಜಿಗೆ ಬಗ್ಗುತ್ತದೆ. ಇದೇ ರಸ್ತೆಯಲ್ಲಿ ಪುಣೆ ದಾಟಿದವರು ಪಿಂಪ್ರಿಯನ್ನು ನೋಡಿದ್ದೀರಿ. ಆ ಔಷಧಿ ಮಾಡಲೆಂದೇ 1954ರಲ್ಲಿ ಸರ್ಕಾರ ಅಲ್ಲಿ ಕಾರ್ಖಾನೆ ಕಟ್ಟಿತು.

ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ಔಷಧಿ ತೆಗೆದುಕೊಳ್ಳಬೇಕು, ಮುಗಿದ ಮೇಲೆ ಒಂದು ವಾರ ಕೂಡಬಾರದು. ಮಾರನೆಯ ದಿನವೇ ಮಾಡಿಸಿದ ರಕ್ತ ಪರೀಕ್ಷೆ ಸಾಲದು, ಮೂರು ತಿಂಗಳಿಗೆ ಇನ್ನೊಮ್ಮೆ ಮಾಡಿಸಿ. ಹೆಸರು ಊರಿಗೆಲ್ಲ ಗೊತ್ತಾಗುತ್ತದೆಂಬ ಭಯ ಇದ್ದವರಿಗೆ ಒಂದು ಮಾತು: 2017ರ ಕಾಯಿದೆಯ ಪ್ರಕಾರ ನಿಮ್ಮ ಒಪ್ಪಿಗೆಯಿಲ್ಲದೆ ಎಚ್‌ಐವಿ ಪರೀಕ್ಷೆ ಮಾಡುವಂತಿಲ್ಲ, ಫಲಿತಾಂಶವನ್ನು ಹೊರಗೆ ಹೇಳುವಂತಿಲ್ಲ. ದಾರಿಯಲ್ಲಿ ಇದ್ದಾಗ 1097ಕ್ಕೆ ಫೋನು ಮಾಡಿ ಕೇಳಬಹುದು, ದುಡ್ಡಿಲ್ಲ.

ಹಿಂದಿನ ಬೆಂಚಿನ ಮೇಲೆ ನಿರೋಧ್ ಪೆಟ್ಟಿಗೆ ಇಟ್ಟಿದೆ. ಯಾರು ಎಷ್ಟು ತೆಗೆದುಕೊಂಡರೆಂದು ಎಣಿಸುವವರಿಲ್ಲ. ಒಂಟಿಯಾಗಿ ಕೇಳಬೇಕಾದದ್ದು ಇದ್ದವರು ಬನ್ನಿ, ಶಿರಾ ಬಸ್ಸು ಬರುವವರೆಗೆ ನಾನು ಹೊರಗೆ ಜಗಲಿಯ ಮೇಲೆ ಕೂತಿರುತ್ತೇನೆ.