ಬೆಕ್ಕಿನ ಬಾಯಿಯ ಕಡೆಗೂ ಗಮನವಿರಲಿ



ವೈಟ್‌ಫೀಲ್ಡ್, ಪೀಣ್ಯ, ಎಲೆಕ್ಟ್ರಾನಿಕ್ ಸಿಟಿಗಳ ಅಂಚಿನಲ್ಲಿ ಇನ್ನೂ ರಾಗಿ ಬೆಳೆಯುವವರ ಮನೆಗಳಲ್ಲಿ ಇಲಿಗಳಿಂದ ದಾಸ್ತಾನು ಕಾಯುವುದು ಬೆಕ್ಕು. ಅದಕ್ಕೆ 30 ಹಲ್ಲುಗಳು. ನಾಲಿಗೆಯ ಮೇಲಿನ ಗಡುಸಾದ ಕೊಕ್ಕೆಮುಳ್ಳುಗಳೇ ಅದರ ಬಾಚಣಿಗೆ. ಬೆಕ್ಕು ಮೈ ನೆಕ್ಕುವುದನ್ನು ಬಿಟ್ಟು, ಕೂದಲು ಗಂಟುಕಟ್ಟಿ, ಬಾಯಿ ನಾರುತ್ತಿದ್ದರೆ ಹಲ್ಲು ಅಥವಾ ಒಸಡು ಕೆಟ್ಟಿರಬಹುದು.

ಆದರೆ ಜೊಲ್ಲು ಸುರಿಸುವ ಬೆಕ್ಕಿನ ಬಾಯಿಗೆ ಕೈ ಹಾಕಬೇಡಿರಿ. ಅದು ರೇಬೀಸ್ ರೋಗದ ಲಕ್ಷಣವೂ ಆಗಿರಬಹುದು. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿಗಾಗಲಿ ಹತ್ತಿರದ ಪಶು ಆಸ್ಪತ್ರೆಗಾಗಲಿ ತಿಳಿಸಿರಿ. ಬೆಕ್ಕು ಕಚ್ಚಿದರೆ, ಪರಚಿದರೆ ಅಥವಾ ನಿಮ್ಮ ಗಾಯ ನೆಕ್ಕಿದರೆ, ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಿಕೊಳ್ಳಿರಿ. ಸುಣ್ಣ, ಅರಿಸಿನ ಮೆತ್ತಿ ಕಾಲ ಕಳೆಯಬೇಡಿರಿ. ದನಕರುಗಳಂತೆ ಬೆಕ್ಕಿಗೂ ಸಕಾಲದಲ್ಲಿ ಲಸಿಕೆ ಹಾಕಿಸಿರಿ.