ಗಾಳಿಯೂ ಸಕ್ಕರೆಯೂ



ಸಕ್ಕರೆ ಕಾಯಿಲೆ ಬಂದರೆ ನಾವು ಮೈಸೂರುಪಾಕನ್ನು ಬೈಯುತ್ತೇವೆ. ದೆಹಲಿಯ ಗಾಳಿಯನ್ನು ಬೈಯುವುದಿಲ್ಲ. ದೆಹಲಿ, ಚೆನ್ನೈಗಳ ಸುಮಾರು 12,000 ಜನರನ್ನು 2010ರಿಂದ 2017ರವರೆಗೆ ಗಮನಿಸಿದ ಅಧ್ಯಯನವೊಂದು 2023ರಲ್ಲಿ ಪ್ರಕಟವಾಯಿತು. ಸೂಕ್ಷ್ಮ ಧೂಳಿನ ವಾರ್ಷಿಕ ಸರಾಸರಿ ಘನ ಮೀಟರಿಗೆ 10 ಮೈಕ್ರೋಗ್ರಾಂ ಹೆಚ್ಚಿದ್ದಲ್ಲಿ ಈ ರೋಗದ ಸಂಭವ ಶೇಕಡಾ 22ರಷ್ಟು ಹೆಚ್ಚು!

ಇದು ಹೇಗೆ? ನಮ್ಮ ಬ್ಯಾಂಕಿನ ಮಾತಿನಲ್ಲಿ ಹೇಳುತ್ತೇವೆ, ಕ್ಷಮಿಸಬೇಕು. ಲೆಡ್ಜರಿನಲ್ಲಿ ಹಣ ಇದ್ದಂತೆಯೇ ಇರುತ್ತದೆ. ಮೇಲೆ ಕೆಂಪು ಶಾಯಿಯಲ್ಲಿ ‘ತಡೆ’ ಎಂದು ಬರೆದರೆ ಚೆಕ್ಕು ಪಾಸಾಗದು. ಹಾಗೆಯೇ ಡಿಎನ್‌ಎಯ ಅಕ್ಷರ ಬದಲಾಗದೆ, ಅದರ ಮೇಲಿನ ಮೀಥೈಲ್ ಗುರುತುಗಳು ಮಾತ್ರ ಕೂಡಿಯೋ ಕಳಚಿಯೋ ವಂಶವಾಹಿಗಳ ಕೆಲಸ ಏರುಪೇರಾಗಬಹುದು. ಇನ್ಸುಲಿನ್ನಿಗೆ ಮೈ ಓಗೊಡದಿರುವುದಕ್ಕೆ ಇದೂ ಒಂದು ಕಾರಣವಿರಬಹುದೆಂದು ವಿಜ್ಞಾನಿಗಳ ಶಂಕೆ.

ನವೆಂಬರಿನ ಈ ಹೊಗೆಯಲ್ಲೇ ನಮ್ಮ ಮಕ್ಕಳ ಓಟದ ಪಂದ್ಯವಿದೆ. ಅದನ್ನು ಮಾರ್ಚಿಗೆ ಸರಿಸಬೇಕೆಂದು ಕಾರ್ಯದರ್ಶಿಗಳಲ್ಲಿ ನಮ್ಮ ಬಿನ್ನಹ.